ಅಂಗೈ ಸವೆಸಿದ ಬಾಗಿಲು

ರಸ್ತೆ ಅಗಲ ಮಾಡಲೆಂದು ಬೀದಿಯ ಒಂದು ಸಾಲಿನ ಮನೆಗಳನ್ನು ಕೆಡವಿದಾಗ, ಹೊಸ ರಸ್ತೆಗೂ ಹಳೆಯ ಮೋರಿಗೂ ನಡುವೆ ಮೂರು ಮೂಲೆಯ ಚೂರು ಜಾಗವೊಂದು ಯಾರಿಗೂ ಬೇಡವಾಗಿ ಉಳಿಯಿತು. ನಕ್ಷೆ ಬರೆದವರು ಅದನ್ನು ಮರೆತರೋ, ಕಂಡೂ ಕಾಣದಂತೆ ಬಿಟ್ಟರೋ ತಿಳಿಯದು. ಮನೆ ಹೋದವರಲ್ಲಿ ಹೆಚ್ಚಿನವರಿಗೆ ಹಿಂದಿನ ಬೀದಿಯಲ್ಲೇ ಬಾಡಿಗೆ ಕೋಣೆಗಳು ಸಿಕ್ಕವು. ಆ ಕೋಣೆಗಳಲ್ಲಿ ಮಲಗಬಹುದಿತ್ತು, ಅಡುಗೆ ಮಾಡಬಹುದಿತ್ತು. ಸಂಜೆ ಕಾಲು ಚಾಚಿ ಕೂತು ಎದುರು ಮನೆಯವರ ಜೊತೆ ಹರಟೆ ಹೊಡೆಯಲು ಮಾತ್ರ ಆಗುತ್ತಿರಲಿಲ್ಲ.

ಆ ಜಾಗಕ್ಕೆ ಮೊದಲು ಬಂದದ್ದು ಒಂದು ಬಾಗಿಲು. ತಂದವಳು ಅದೇ ಬೀದಿಯಲ್ಲಿದ್ದ ಪೇಂಟರನ ಅತ್ತಿಗೆ. ಅವಳ ಗಂಡ, ಅಂದರೆ ಪೇಂಟರನ ಅಣ್ಣ, ತೀರಿಕೊಂಡು ಒಂದು ವರ್ಷವೂ ತುಂಬಿರಲಿಲ್ಲ. ಮನೆ ಕೆಡವುವ ದಿನ ಅವಳು ಕೂಲಿಯವರನ್ನು ಪುಸಲಾಯಿಸಿ ಮುಂಬಾಗಿಲನ್ನು ಮುರಿಯದಂತೆ ಬಿಚ್ಚಿಸಿಕೊಂಡಳು. ಬಾಡಿಗೆ ಕೋಣೆಯಲ್ಲಿ ಅದನ್ನು ನಿಲ್ಲಿಸಿದರೆ ಮನುಷ್ಯರು ನಿಲ್ಲಲು ಜಾಗವಿರಲಿಲ್ಲ. ಹಾಗಾಗಿ ಅದು ಮೋರಿಯ ಪಕ್ಕದ ಕಂಬಕ್ಕೆ ಒರಗಿತು. ಒಂದು ದಿನ ಯಾರೋ ಅದನ್ನು ಉದ್ದದ ಅಂಚಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಮುಂದೆ ಬಿದ್ದ ಮನೆಗಳ ಕಲ್ಲಿನ ಮೆಟ್ಟಿಲುಗಳನ್ನು ಜೋಡಿಸಿದರು. ಬಾಗಿಲು ಬೆನ್ನಿಗೆ ಒರಗು, ಮೆಟ್ಟಿಲು ಕೂರಲು ಕಟ್ಟೆ. ಆ ಯಾರೋ ಯಾರು ಎಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಸಾಮಾನುಗಳು ಒಂದರ ಹಿಂದೆ ಒಂದು ಬಂದವು. ಬಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಕಂಡಕ್ಟರ್ ಗುಜರಿಯಿಂದ ಇಬ್ಬರು ಕೂರುವ ಬಸ್ಸಿನ ಸೀಟು ತಂದ. ಟೈಲರಮ್ಮ ತನ್ನ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳ ಮೇಲೆ ಕಿಟಕಿಯ ಹಲಗೆ ಹಾಕಿ ಮೇಜು ಮಾಡಿದಳು. ಬಿರುಕು ಬಿಟ್ಟ ಸ್ನಾನದ ತೊಟ್ಟಿಯಲ್ಲಿ ಮಣ್ಣು ತುಂಬಿ ಯಾರೋ ಗಿಡ ನೆಟ್ಟರು. ಬಿದ್ದ ಮನೆಗಳ ತಗಡುಗಳೇ ಮೇಲೆ ಹೊದಿಕೆಯಾದವು. ಯೋಜನೆ ಇರಲಿಲ್ಲ, ಸಭೆ ಇರಲಿಲ್ಲ, ಮುಂದಾಳು ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಅಲ್ಲಿ ಕೆಲಸ ಮಾಡುತ್ತಿರುವವರನ್ನು ‘ಏನು ಮಾಡ್ತಿದ್ದೀಯ’ ಎಂದು ಕೇಳುವಂತಿಲ್ಲ.

ಈ ಕಟ್ಟಳೆ ಹುಟ್ಟಿದ್ದು ಕಂಡಕ್ಟರನಿಂದ. ಅವನು ಸೀಟಿಗೆ ಬೋಲ್ಟು ಬಿಗಿಯುತ್ತಿದ್ದಾಗ ಸುತ್ತ ನಿಂತವರಲ್ಲಿ ಒಬ್ಬ ಆ ಕಡೆ ತಿರುಗಿಸು ಅಂದ, ಇನ್ನೊಬ್ಬ ಈ ಕಡೆ ಅಂದ, ಮತ್ತೊಬ್ಬ ಇದೆಲ್ಲ ಯಾಕೆ ಅಂದ. ಕಂಡಕ್ಟರ್ ಪಾನಾ ಎಸೆದು ಎದ್ದ. “ಸಲಹೆ ಬೇಕಿದ್ರೆ ನಾನು ಮನೇಲೇ ಇರ್ತಿದ್ದೆ ಕಣ್ರಯ್ಯ. ಅಲ್ಲಿ ನನ್ನ ಹೆಂಡ್ತಿ ಇದ್ದಾಳೆ, ಬೆಳಗಿಂದ ರಾತ್ರಿವರೆಗೂ ಪುಕ್ಕಟೆ ಕೊಡ್ತಾಳೆ!” ಸೀಟು ಬಹಳ ದಿನ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಆಮೇಲೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತರು. ಯಾರಾದರೂ ಸುತ್ತಿಗೆ ಹಿಡಿದು ಬಂದರೆ ಉಳಿದವರು ಬೇರೆ ಕಡೆ ನೋಡುತ್ತಿದ್ದರು.

ಪೇಂಟರ್ ಮಾತ್ರ ಅಲ್ಲಿಗೆ ಏನನ್ನೂ ತಂದಿರಲಿಲ್ಲ. ಸಂಜೆ ಬಂದು ಕೂರುತ್ತಿದ್ದ, ನಗುತ್ತಿದ್ದ, ಎದ್ದು ಹೋಗುತ್ತಿದ್ದ. ಕಣ್ಣಿಗೆ ಮಾತ್ರ ಸಮಾಧಾನವಿರಲಿಲ್ಲ. ಅವನ ಕೆಲಸಕ್ಕೆ ಆ ಕಡೆಯಲ್ಲೆಲ್ಲ ಹೆಸರಿತ್ತು. ಅವನು ಬಳಿದ ಬಣ್ಣ ಸಿಪ್ಪೆ ಏಳುವುದಿಲ್ಲ ಎಂದು ಮನೆ ಕಟ್ಟಿಸುವವರು ಹೇಳುತ್ತಿದ್ದರು. ಕಾರಣ ಗುಟ್ಟಿನದೇನಲ್ಲ. ಬೇರೆಯವರು ಕೊಳೆಯ ಮೇಲೇ ಬಣ್ಣ ಹೊಡೆಯುತ್ತಾರೆ. ಇವನು ಮರ ಕಾಣುವವರೆಗೆ ಉಜ್ಜುತ್ತಾನೆ. ಅಂಥವನ ಕಣ್ಣಿಗೆ ಆ ಮೂಲೆಯ ನೀಲಿ, ಕೆಂಪು, ತುಕ್ಕು, ಅರ್ಧ ಕಿತ್ತ ವಾರ್ನಿಷ್ ಎಲ್ಲ ಹರಿದ ಅಂಗಿಯ ಹಾಗೆ ಕಾಣುತ್ತಿದ್ದವು.

ಆ ದಿನಗಳಲ್ಲಿ ಅವನು ಹೊಸ ರಸ್ತೆಯಾಚೆ ಒಂದು ದೊಡ್ಡ ಮನೆಯ ಗೇಟು, ಕಂಬಿಗಳಿಗೆ ತಿಳಿ ಹಸಿರು ಬಳಿಯುತ್ತಿದ್ದ. ಮನೆಯ ಯಜಮಾನ ಮಹಡಿಯಿಂದ ಕೆಳಗೆ ನೋಡುತ್ತ ಕೇಳಿದ: “ಆ ಗುಜರಿ ಗುಡ್ಡೆ ಇದೆಯಲ್ಲ, ಮೋರಿ ಹತ್ರ. ನೀನು ಅಲ್ಲಿಯವನಾ?”

“ಅಲ್ಲ ಸಾರ್. ಅದರಾಚೆ,” ಅಂದ ಪೇಂಟರ್.

ಅದರಾಚೆ ಇದ್ದದ್ದು ಮೋರಿ ಮಾತ್ರ. ಯಜಮಾನ ಅದನ್ನು ಗಮನಿಸಲಿಲ್ಲ. ಪೇಂಟರನಿಗೆ ಮಾತ್ರ ಇಡೀ ದಿನ ಮುಖ ಬಿಸಿಯಾಗಿತ್ತು. ನಾಚಿಕೆಯಾದದ್ದು ಸುಳ್ಳು ಹೇಳಿದ್ದಕ್ಕಲ್ಲ. ಆ ಮೂಲೆ ಹಾಗಿದೆಯಲ್ಲ ಎಂದು. ಕೆಲಸ ಮುಗಿದಾಗ ಹಸಿರು ಬಣ್ಣ ಡಬ್ಬಿಗಟ್ಟಲೆ ಮಿಕ್ಕಿತ್ತು. ತಗೊಂಡು ಹೋಗು ಅಂದರು. ಅವನ ತಲೆಯಲ್ಲಿ ಆಗಲೇ ಲೆಕ್ಕ ಕೂತಿತ್ತು.

ಅದೇ ವಾರ ರಸ್ತೆಗೆ ಡಾಂಬರು ಹಾಕಲು ಶುರು ಮಾಡಿದರು. ಹೊಗೆ, ವಾಸನೆ, ರೋಲರಿನ ಸದ್ದು. ಮೂಲೆಯ ಕಡೆಗೆ ಯಾರೂ ಸುಳಿಯಲಿಲ್ಲ. ಅತ್ತಿಗೆ ಮಗಳ ಮನೆಗೆ ಹೋಗಿದ್ದಳು. ಪೇಂಟರ್ ಬೇರೆ ಕೆಲಸ ಒಪ್ಪಿಕೊಳ್ಳದೆ ಉಜ್ಜುವ ಎಮರಿ ಕಾಗದ, ಗುಳಿ ತುಂಬುವ ಪುಟ್ಟಿ, ಪ್ರೈಮರ್, ಬ್ರಷ್ಷುಗಳೊಂದಿಗೆ ಅಲ್ಲಿ ಬೀಡುಬಿಟ್ಟ. ದೂರದಿಂದ ಕಂಡವರು ಕಟ್ಟಳೆಯಂತೆ ಮುಖ ತಿರುಗಿಸಿಕೊಂಡರು. ಟೈಲರಮ್ಮ ಒಮ್ಮೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಾದುಹೋದಳು. ನಿಂತಳು, ಏನೋ ಕೇಳಲು ಬಾಯಿ ತೆರೆದಳು, ಮುಚ್ಚಿಕೊಂಡು ಹೋದಳು. ಪೇಂಟರನಿಗೆ ಅದು ಅನುಕೂಲವೇ ಆಯಿತು. ಮೆಚ್ಚುಗೆ ಒಟ್ಟಿಗೇ ಬರಲಿ ಅಂದುಕೊಂಡ.

ಸೀಟಿನ ಕಬ್ಬಿಣ, ಮೇಜು, ತೊಟ್ಟಿಯ ಹೊರಮೈ ಎಲ್ಲ ಮುಗಿಸಿ ಕೊನೆಗೆ ಬಾಗಿಲಿಗೆ ಬಂದ.

ಆ ಬಾಗಿಲಿನ ಅಂಚಿನಲ್ಲಿ ಒಂದು ಕಡೆ ಬಣ್ಣವೇ ಇರಲಿಲ್ಲ. ಅಣ್ಣನಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಹೊರಗೆ ಹೋಗುವಾಗ, ಒಳಗೆ ಬರುವಾಗ ಅವನು ಅಂಗೈಯನ್ನು ಒಂದೇ ಜಾಗಕ್ಕೆ ಒತ್ತಿ, ಒಂದು ಗಳಿಗೆ ನಿಂತು, ಆಮೇಲೆ ಹೆಜ್ಜೆ ಇಡುತ್ತಿದ್ದ. ಹಾಗೆ ಒತ್ತಿ ಒತ್ತಿ ಬಣ್ಣ ಸವೆದು, ಮರಕ್ಕೆ ಕೈಯ ಜಿಡ್ಡು ಇಳಿದು, ಅಲ್ಲಿ ಕಪ್ಪಗೆ ಮಿರುಗುವ ಒಂದು ಮಚ್ಚೆ ಮೂಡಿತ್ತು. ಪೇಂಟರನ ಅಣ್ಣನ ಮನೆಗೆ ಇಂಥ ಬಾಗಿಲಾ ಎಂದು ಯಾರಾದರೂ ಆಡಿಕೊಂಡಾರು ಎಂದು ಪೇಂಟರ್ ಹಿಂದೆಯೇ ಬಳಿಯಲು ಹೊರಟಿದ್ದ. “ಬೇಡ ಕಣೋ,” ಅಂದಿದ್ದ ಅಣ್ಣ. “ಬಳಿದ್ರೆ ಇದು ನಮ್ಮನೆ ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು? ಪಕ್ಕದ ಮನೆಗೆ ನುಗ್ಗಿ ಒದೆ ತಿನ್ಲಾ?” ಈಗ ಮೂಲೆಯಲ್ಲಿ ಅತ್ತಿಗೆ ಕೂರುತ್ತಿದ್ದದ್ದು ಸರಿಯಾಗಿ ಆ ಮಚ್ಚೆಯ ಪಕ್ಕದಲ್ಲಿ. ಮಾತಾಡುತ್ತ ಮಾತಾಡುತ್ತ ಅವಳ ಕೈ ಅಲ್ಲಿಗೆ ಹೋಗುತ್ತಿತ್ತು.

ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ. ಇದು ಕಸುಬಿನ ಮೊದಲ ಪಾಠ. ಪೇಂಟರನ ಕೈ ತಾನಾಗಿಯೇ ಎಮರಿ ಕಾಗದ ಮಡಚಿ ಉಜ್ಜತೊಡಗಿತು. ಮಚ್ಚೆಯ ಒಂದು ಅಂಚು ಬೆಳ್ಳಗಾದಾಗ ಅವನು ಬಗ್ಗಿ ನೋಡಿದ. ತಾನು ಏನನ್ನು ಉಜ್ಜುತ್ತಿದ್ದೇನೆ ಎಂದು ಆಗ ತಲೆಗೆ ಹೋಯಿತು. ಕೈ ನಿಂತಿತು. ಸುತ್ತ ನೋಡಿದ, ಯಾರೂ ಇರಲಿಲ್ಲ. ಅರ್ಧ ಉಜ್ಜಿದ ಮಚ್ಚೆ ಕಜ್ಜಿಯ ಹಾಗೆ ಅಸಹ್ಯವಾಗಿ ಕಾಣುತ್ತಿತ್ತು. ಅಲ್ಲಿಗೇ ಬಿಟ್ಟರೆ ಉಳಿದ ಹಸಿರಿನ ನಡುವೆ ಅದೊಂದೇ ಕಣ್ಣಿಗೆ ಹೊಡೆಯುತ್ತದೆ ಅನ್ನಿಸಿತು. ಅವನು ಒರಟು ಕಾಗದ ತೆಗೆದುಕೊಂಡ.

ಡಾಂಬರು ಒಣಗಿ ಜನ ಮರಳಿ ಬಂದ ಸಂಜೆ ಮೂಲೆಯೆಲ್ಲ ಒಂದೇ ಹಸಿರು. ಜನ ಅದನ್ನು ಒಂದು ಸುತ್ತು ಬಂದರು. ಆಮೇಲೆ ಟೈಲರಮ್ಮ “ಚೆನ್ನಾಗಿದೆ” ಅಂದಳು. ಇನ್ನೊಬ್ಬರು “ನೀಟಾಗಿದೆ” ಅಂದರು. ಚೆನ್ನಾಗಿದೆ ಅಂದವರು ಕೂರಲಿಲ್ಲ.

ಕಂಡಕ್ಟರ್ ತನ್ನ ಸೀಟಿನ ಕಂಬಿಯ ಮೇಲಿದ್ದ ನಂಬರನ್ನು ಬೆರಳಿನಿಂದ ಹುಡುಕಿದ. ಅದು ಅವನು ಕೊನೆಯ ದಿನ ಇಳಿದ ಬಸ್ಸಿನ ಸೀಟು. ಸಿಗಲಿಲ್ಲ. “ಆಸ್ಪತ್ರೆ ಆಗೋಯ್ತಲ್ಲೋ ಪೇಂಟ್ರಣ್ಣ! ಈಗೇನು, ಹೆಸರು ಕರೆಯೋವರೆಗೂ ಕಾಯ್ಬೇಕಾ?” ಅಂದ. ಎಲ್ಲರೂ ನಕ್ಕರು. ಪೇಂಟರನೂ ನಕ್ಕ. ನಗು ಬೇಗ ಮುಗಿಯಿತು.

“ಬಿಡಿ, ಬಣ್ಣ ತಾನೇ,” ಅಂದಳು ಟೈಲರಮ್ಮ ಸಮಾಧಾನಕ್ಕೆ. “ಬೇಡ ಅನ್ನಿಸಿದೋರು ಕೆರ್ಕೊಂಡ್ರೆ ಆಯ್ತು. ಅವರವರದು ಕೆಳಗೆ ಹಾಗೇ ಇರುತ್ತಲ್ಲ.”

ಪೇಂಟರ್ ಮುಖ ಆಚೆ ತಿರುಗಿಸಿದ. ಇವರೆಲ್ಲ ಕಂಡ ಪೇಂಟರುಗಳು ಕೊಳೆಯ ಮೇಲೆ ಬಳಿಯುವವರು. ಸೋಮಾರಿತನದಿಂದ ಮಾಡಿದ್ದರೆ ಎಲ್ಲವೂ ಕೆಳಗೆ ಉಳಿದಿರುತ್ತಿತ್ತು. ನಂಬರನ್ನು ಕೆರೆದು ತೆಗೆದದ್ದು, ಮೇಜಿನ ಹಲಗೆಯ ಮೇಲೆ ಟೈಲರಮ್ಮ ಸೂಜಿ ಚುಚ್ಚಿಡುತ್ತಿದ್ದ ಗುರುತುಗಳಿಗೆ ಪುಟ್ಟಿ ತುಂಬಿದ್ದು ಎಲ್ಲ ಅವನಿಗೊಬ್ಬನಿಗೇ ಗೊತ್ತು.

ಮಾರನೆಯ ದಿನ ಅತ್ತಿಗೆ ಬಂದಳು. ಅವಳು ಮದುವೆಯಾಗಿ ಬಂದಾಗ ಪೇಂಟರ್ ಇನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಈಗ ತಲೆಗೆ ಬಣ್ಣ ಹಚ್ಚಿಕೊಳ್ಳುವ ವಯಸ್ಸಾದರೂ ಅವಳ ಬಾಯಲ್ಲಿ ಅವನು ‘ಮರಿ’ಯೇ. ಅವಳು ತನ್ನ ಜಾಗದಲ್ಲಿ ಕೂತಳು. ಮಾತಿನ ನಡುವೆ ಕೈ ಹಿಂದೆ ಹೋಯಿತು. ನುಣ್ಣಗಿನ ಅಂಚಿನ ಮೇಲೆ ಅತ್ತ ಜಾರಿತು, ಇತ್ತ ಜಾರಿತು. ಮಾತು ನಿಂತಿತು.

“ಮರಿ,” ಅಂದಳು ಮೆಲ್ಲಗೆ. “ಇದರ ಕೆಳಗೆ ಇದೆ ಅಲ್ವಾ?”

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅಲ್ಲೇ ಹೇಳಿಬಿಡಬಹುದಿತ್ತು.

“ಇದೆ ಅತ್ತಿಗೆ,” ಅಂದ ಪೇಂಟರ್.

“ಸರಿ ಬಿಡು ಹಾಗಾದ್ರೆ.” ಅವಳ ಮುಖ ಸಡಿಲವಾಯಿತು. “ಪಾಪ, ಎಷ್ಟು ದುಡಿದಿದ್ದೀಯ. ಬೆನ್ನು ನೋವು ಬಂತೋ ಏನೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೆನ್ನು ನೋವಿನ ವಿಚಾರಣೆ ಅವನನ್ನು ಅಲ್ಲಿ ಕೂರಗೊಡಲಿಲ್ಲ. ಅಂದಿನಿಂದ ಕೆಲಸ ಮುಗಿಸಿ ಮೂಲೆಯ ದಾರಿ ಬಿಟ್ಟು, ಮಾರುಕಟ್ಟೆ ಸುತ್ತಿಕೊಂಡು ಮನೆ ಸೇರತೊಡಗಿದ. ಹೆಂಡತಿಗೆ ಅದು ತಿಳಿಯದೆ ಇರಲಿಲ್ಲ.

“ಸುತ್ತು ಹಾಕ್ಕೊಂಡು ಬರೋರು ಒಂದು ಕಟ್ಟು ಸೊಪ್ಪಾದ್ರೂ ತರಬಾರ್ದಾ? ಏನಾಗಿದೆ ನಿಮಗೆ?”

ಅವನು ಹೇಳಿದ. ಉಜ್ಜಿದ್ದನ್ನು ಹೇಳಿದ, ಇದೆ ಅಂದದ್ದನ್ನು ಹೇಳಿದ. ನಡುವೆ ಕೈ ನಿಂತದ್ದನ್ನು ಮಾತ್ರ ಹೇಳಲಿಲ್ಲ.

ಹೆಂಡತಿ ಒಲೆಯ ಉರಿ ಸಣ್ಣದು ಮಾಡಿದಳು. “ಅಕ್ಕ ಸಿಕ್ಕಿದೋರಿಗೆಲ್ಲ ಹೇಳ್ತಿದ್ದಾರೆ. ನಮ್ಮೋರ ಕೈಗುರುತು ಕೆಳಗೆ ಭದ್ರವಾಗಿದೆ, ಮಳೆ ಬಿಸಿಲು ತಾಗಲ್ಲ, ಮರಿ ಒಳ್ಳೇದೇ ಮಾಡಿದ ಅಂತ. ಇವತ್ತು ನೀರು ಹಿಡಿಯೋವಾಗ್ಲೂ ಅದೇ ಮಾತು. ಹೋಗಿ ಹೇಳಿಬಿಡಿ.”

“ಏನಂತ ಹೇಳ್ಲಿ?”

“ಗೊತ್ತಾಗ್ಲಿಲ್ಲ, ಕೆಲಸದ ಭರದಲ್ಲಿ ಉಜ್ಜಿಬಿಟ್ಟೆ ಅನ್ನಿ. ಅವರೇನು ನಿಮ್ಮನ್ನ ತಿಂತಾರಾ?”

ಗೊತ್ತಾಗಲಿಲ್ಲ ಅನ್ನುವ ಮಾತನ್ನು ಹೆಂಡತಿ ಎಷ್ಟು ಸಲೀಸಾಗಿ ಕೈಗಿಟ್ಟಳೆಂದರೆ, ಅವನು ಅದನ್ನೇ ಹಿಡಿದುಕೊಂಡು ಮಲಗಿದ. ನಾಳೆ ಹೇಳುತ್ತೇನೆ ಅಂದುಕೊಂಡ. ನಾಳೆ ಬಂತು, ಹೋಯಿತು. ಇನ್ನೊಂದು ನಾಳೆಯೂ ಹೋಯಿತು.

ರಜೆಯ ದಿನ ಬೆಳಿಗ್ಗೆ ಟೈಲರಮ್ಮನ ಮಗಳು ಬಾಗಿಲಲ್ಲಿ ನಿಂತು ಕೂಗಿದಳು. “ಮಾಮಾ, ನಿಮ್ಮ ಅತ್ತಿಗೆ ಬಾಗಿಲು ಕೆರೀತಿದ್ದಾರೆ. ಅಮ್ಮ ಹೇಳಿದ್ರು, ನೀವು ಬಂದ್ರೆ ಬೇಗ ಆಗುತ್ತಂತೆ.”

ಅವನು ಚಪ್ಪಲಿ ಹಾಕಿಕೊಳ್ಳದೆ ಹೋದ.

ಮೂಲೆಯಲ್ಲಿ ಜನ ಇದ್ದರು. ಕಂಡಕ್ಟರ್ ಸೀಟಿನಲ್ಲಿ, ಟೈಲರಮ್ಮ ಮೇಜಿನ ಹತ್ತಿರ, ಇನ್ನೂ ಒಂದಷ್ಟು ಮಂದಿ ಮೆಟ್ಟಿಲಿನ ಮೇಲೆ. ಅತ್ತಿಗೆ ನೆಲದಲ್ಲಿ ಮಂಡಿಯೂರಿ, ದೋಸೆ ಎತ್ತುವ ಕಬ್ಬಿಣದ ಮಗುಚುವ ಕೈಯಿಂದ ಬಾಗಿಲಿನ ಅಂಚನ್ನು ಕೆರೆಯುತ್ತಿದ್ದಳು. ಕಟ್ಟಳೆಯಂತೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಬಣ್ಣ ಏಳುತ್ತಿರಲಿಲ್ಲ. ಅಷ್ಟು ಹೊತ್ತು ಕೆರೆದರೂ ಕೂದಲೆಳೆಯಂಥ ಗೀರುಗಳು ಮಾತ್ರ ಬಿದ್ದಿದ್ದವು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಬಾ ಮರಿ,” ಅಂದಳು, ತಿರುಗಿ ನೋಡಿ. ದಣಿವಿನಲ್ಲೂ ಹುಮ್ಮಸ್ಸಿತ್ತು. “ಎಂಥ ಬಣ್ಣವೋ ಮಾರಾಯ, ಜಿಗಣೆ ಹಿಡಿದ ಹಾಗೆ ಹಿಡ್ಕೊಂಡಿದೆ. ಒಂದು ಅಂಗೈಯಷ್ಟು ಬಿಡಿಸ್ಕೊಂಡ್ರೆ ಸಾಕು ನನಗೆ. ಉಳಿದದ್ದು ನಿನ್ನ ಹಸಿರೇ ಇರಲಿ, ಚೆಂದಾನೇ ಇದೆ.”

“ಅವನ ಬಣ್ಣ ಅದು,” ಅಂದ ಕಂಡಕ್ಟರ್ ಆಚೆ ಮುಖ ಮಾಡಿಕೊಂಡೇ. “ಟಿಕೆಟ್ ತಗೊಂಡು ಹತ್ತಿದೆ, ಕೊನೇ ಸ್ಟಾಪ್‌ವರೆಗೂ ಇಳಿಯಲ್ಲ.”

ಯಾರೋ ಕಿಸಕ್ಕೆಂದರು. ಅತ್ತಿಗೆ ಮತ್ತೆ ಕೆರೆಯಲು ಬಾಗಿದಳು. ಲೋಹ ಕಿರ್ರೆಂದಿತು.

“ಅತ್ತಿಗೆ, ಬಿಡಿ,” ಅಂದ ಪೇಂಟರ್.

“ಯಾಕೆ? ನೀನು ಕೆರೀತೀಯಾ? ತಗೋ.” ಅವಳು ಮಗುಚುವ ಕೈಯನ್ನು ಅವನತ್ತ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. “ಅಲ್ಲಿ ಇಲ್ಲ ಅತ್ತಿಗೆ. ಕೆಳಗೆ ಏನೂ ಇಲ್ಲ. ಬಳಿಯೋ ಮೊದಲು ಉಜ್ಜಿ ತೆಗೆದೆ.”

ಈಗ ಎಲ್ಲರೂ ಇತ್ತ ತಿರುಗಿದರು. ಅತ್ತಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಳು.

“ಇದೆ ಅಂದೆಯಲ್ಲ.”

“ಸುಳ್ಳು ಹೇಳಿದೆ.”

ಅವಳು ಬಾಗಿಲನ್ನು ನೋಡಿದಳು. ತಾನು ಎಳೆದ ಗೀರುಗಳನ್ನು ನೋಡಿದಳು. “ಉಜ್ಜಿದ ಪುಡಿ?”

“ಗುಡಿಸಿ ಮೋರಿಗೆ ಹಾಕ್ದೆ.”

ಟೈಲರಮ್ಮ ‘ಛೆ’ ಅಂದಳು. ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. “ಹೋಗ್ಲಿ ಬಿಡಮ್ಮ. ಅವನಿಗೂ ಸ್ವಂತ ಅಣ್ಣ ಅಲ್ವಾ? ಗೊತ್ತಾಗಿರಲ್ಲ ಪಾಪ. ಕೆಲಸಕ್ಕೆ ಇಳಿದ್ರೆ ಅವನಿಗೆ ಮೈಮೇಲೆ ಜ್ಞಾನ ಇರಲ್ಲ.”

ಎಷ್ಟೋ ತಲೆಗಳು ಹೌದೆಂದು ಅಲ್ಲಾಡಿದವು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. “ಗೊತ್ತಾಗ್ಲಿಲ್ವಾ ಮರಿ?”

ಅವಳ ದನಿಯಲ್ಲಿ ಬೇಡಿಕೆ ಇತ್ತು. ಹೌದು ಅಂದರೆ ಮುಗಿಯುತ್ತಿತ್ತು. ಅವಳು ಅತ್ತು, ಕಣ್ಣೊರೆಸಿಕೊಂಡು, ನಾಳೆ ನಾಡಿದ್ದು ಮತ್ತೆ ಬೆನ್ನು ನೋವು ವಿಚಾರಿಸುತ್ತಿದ್ದಳು.

“ಗೊತ್ತಾಯ್ತು,” ಅಂದ ಪೇಂಟರ್. “ಶುರು ಮಾಡ್ದಾಗ ಹೊಳೀಲಿಲ್ಲ. ಸ್ವಲ್ಪ ಹೋದ್ಮೇಲೆ ಗೊತ್ತಾಯ್ತು. ನಿಲ್ಲಿಸ್ದೆ. ಅರ್ಧ ಹೋಗಿದ್ದು ನೋಡೋಕೆ ಅಸಹ್ಯವಾಗಿತ್ತು. ಅದಕ್ಕೆ ಪೂರ್ತಿ ತೆಗೆದೆ.”

ಹೊಸ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ತಗಡು ಸಣ್ಣಗೆ ನಡುಗಿತು. ಕಂಡಕ್ಟರ್ ಈ ಸಲ ನೆಲ ನೋಡುತ್ತಿದ್ದ. ಅದು ಕಟ್ಟಳೆಗಾಗಿ ಅಲ್ಲ. ಪೇಂಟರನಿಗೆ ತನ್ನ ಬರಿಗಾಲು, ಲುಂಗಿಯ ಮೇಲಿನ ಹಸಿರು ಕಲೆ, ತಲೆಗೆ ಹಚ್ಚಿದ ಕರಿ ಬಣ್ಣ ಎಲ್ಲವೂ ಬೇರೆಯವರಿಗೆ ಹೇಗೆ ಕಾಣುತ್ತಿವೆಯೋ ಹಾಗೇ ಕಂಡವು.

ಅತ್ತಿಗೆ ಅಳಲಿಲ್ಲ. ಮಗುಚುವ ಕೈಯನ್ನು ಮೆಟ್ಟಿಲಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಅಲ್ಲೇ ಕೂತಳು.

“ಹಾಗಾದ್ರೆ ನೀನು ನೋಡಿದ್ದೀಯ, ಅದು ಹೋಗೋದನ್ನ,” ಅಂದಳು. “ಬೇರೆ ಯಾರೂ ನೋಡಿಲ್ಲ. ಹೇಳು, ಹ್ಯಾಗೆ ಹೋಯ್ತು?”

“ಅತ್ತಿಗೆ, ಇಲ್ಲಿ ಎಲ್ಲರ ಮುಂದೆ...”

“ಇಲ್ಲೇ ಹೇಳು. ಸುಲಭಕ್ಕೆ ಹೋಯ್ತಾ?”

“ಇಲ್ಲ.” ಅವನು ಬಾಗಿಲಿನ ಅಂಚು ನೋಡಿದ. “ನಯ ಕಾಗದಕ್ಕೆ ಜಗ್ಗಲಿಲ್ಲ. ಕಾಗದವೇ ಜಿಡ್ಡು ಮೆತ್ತಿಕೊಂಡು ಜಾರ್ತಿತ್ತು. ಬಟ್ಟೆ ಒಗೆಯೋ ಸೋಡಾದ ನೀರು ಹಾಕಿ ತಿಕ್ಕಿದೆ. ಮೇಲಿನ ಹೊಳಪು ಹೋಯ್ತು, ಕಪ್ಪು ಹೋಗ್ಲಿಲ್ಲ. ಆಮೇಲೆ ಒರಟು ಕಾಗದ ತಗೊಂಡೆ. ಮರದ ಎಳೆ ಒಳಗೇ ಇಳಿದುಬಿಟ್ಟಿತ್ತು ಅತ್ತಿಗೆ. ಉಜ್ಜಿದಷ್ಟೂ ಒಳಗೆ ಇತ್ತು. ಬಾಕಿ ಬಾಗಿಲೆಲ್ಲ ಮುಗಿಸೋಕೆ ಹಿಡಿದಷ್ಟು ಹೊತ್ತು ಅದೊಂದಕ್ಕೇ ಹಿಡೀತು. ಅಲ್ಲಿ ಗುಳಿ ಬಿತ್ತು. ಅದಕ್ಕೆ ಪುಟ್ಟಿ ತುಂಬಿದೆ.”

“ಒಟ್ಟಿಗೇ ಹೋಯ್ತಾ?”

“ಇಲ್ಲ. ಅಂಗೈ ಮಧ್ಯದ್ದು ಮೊದಲು ಹೋಯ್ತು. ಬೆರಳಿನ ಜಾಗ ಕೊನೆಗೆ.”

“ಯಾವ ಬೆರಳು?”

ಅವನಿಗೆ ನೆನಪಿನಿಂದ ಹೇಳಲಾಗಲಿಲ್ಲ. ಬಗ್ಗಿ, ಗೀರುಗಳ ಪಕ್ಕದಲ್ಲಿ, ಅಣ್ಣ ಒತ್ತುತ್ತಿದ್ದ ಹಾಗೆ ತನ್ನ ಅಂಗೈಯನ್ನು ಬಾಗಿಲಿನ ಅಂಚಿಗೆ ಒತ್ತಿ ನೋಡಿಕೊಂಡ. ಬೆಳಗಿನ ಬಿಸಿಲಿಗೆ ಬಣ್ಣ ಕಾದಿತ್ತು.

“ಹೆಬ್ಬೆರಳು,” ಅಂದ. “ಇದು. ಇದು ಎಲ್ಲಕ್ಕಿಂತ ಕೊನೆಗೆ ಹೋಯ್ತು.”

ಅತ್ತಿಗೆ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಅಣ್ಣ ತಮ್ಮ ಇಬ್ಬರದೂ ಒಂದೇ ತರಹದ ಕೈ, ಗಿಡ್ಡ ಬೆರಳು, ಅಗಲ ಅಂಗೈ. ಅದು ಬೀದಿಗೆಲ್ಲ ಗೊತ್ತಿದ್ದ ವಿಷಯ.

“ಕೈ ತೆಗಿ,” ಅಂದಳು.

ಅವನು ತೆಗೆದ. ಅಂಗೈ ಬೆವರಿದ್ದರೂ ಬಾಗಿಲಿನ ಮೇಲೆ ಏನೂ ಉಳಿದಿರಲಿಲ್ಲ. ಆ ಬಣ್ಣಕ್ಕೆ ಕೈಯ ಗುರುತು ಅಂಟುವುದಿಲ್ಲ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು.